ಸಂಶೋಧನೆ ನಡೆಸುವ ವಿದ್ಯೆ: ಹುನ್ನೂರ ಸುತ್ತಿನ ಮಕ್ಕಳಿಗೆ ಯಾವ ಕಾಲೇಜು?

ಕೋ 86032 ಎಂಬ ಕಬ್ಬಿನ ತಳಿಯ ಹೆಸರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಬೆಳೆಗಾರರಿಗೆ ಹೊಸದಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ 1986ರ ಸಾಲಿನಲ್ಲಿ ಆರಿಸಿ ಸಂಖ್ಯೆ ಕೊಟ್ಟ ತಳಿ ಅದು. ಅಧಿಕೃತವಾಗಿ ಬಿಡುಗಡೆಯಾದದ್ದು 2000ದಲ್ಲಿ. ನಡುವಿನ ಹದಿನಾಲ್ಕು ವರ್ಷ ಯಾವ ಸಸಿ ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಯಾವ ರಾಜ್ಯದ ಯಾವ ಮಣ್ಣಿನಲ್ಲಿ ಪರೀಕ್ಷೆ ಮಾಡಬೇಕು, ಅದಕ್ಕೆ ಎಷ್ಟು ಹಣ, ಎಷ್ಟು ಜನ ಬೇಕು ಎಂದು ಪ್ರತಿ ಹಂಗಾಮಿನಲ್ಲೂ ಯಾರೋ ತೀರ್ಮಾನ ಮಾಡುತ್ತಲೇ ಇದ್ದರು. ಇಂಥ ತೀರ್ಮಾನಗಳನ್ನು ಕಲಿಸುವ ಓದಿಗೆ ಈಗ ಸಂಶೋಧನೆ ಮತ್ತು ಅಭಿವೃದ್ಧಿ ನಿರ್ವಹಣೆ, ಅಂದರೆ ಆರ್ ಆ್ಯಂಡ್ ಡಿ ಮ್ಯಾನೇಜ್‌ಮೆಂಟ್ ಎಂಬ ಹೆಸರಿದೆ. ಪಿಯುಸಿ ಮುಗಿಸಿದ ಇಲ್ಲವೇ ಡಿಗ್ರಿ ಕೊನೆಯ ವರ್ಷದಲ್ಲಿರುವ ಹುಡುಗ ಹುಡುಗಿಯರು ಆ ಹೆಸರು ಕೇಳಿ ಕಾಲೇಜು ಹುಡುಕತೊಡಗಿದ್ದಾರೆ.

ಹುಡುಕಿದರೆ ಮೊದಲಿಗೆ ಸಿಗುವುದು ನಿರಾಸೆ. ಈ ಹೆಸರಿನ ಪದವಿ ನಮ್ಮ ದೇಶದಲ್ಲಿ ಬಲು ಅಪರೂಪ. ಓದು ಮಾತ್ರ ಇದೆ. ತಂತ್ರಜ್ಞಾನ ನಿರ್ವಹಣೆ, ನಾವೀನ್ಯ ನಿರ್ವಹಣೆ, ವಿಜ್ಞಾನ ನೀತಿ, ಕೃಷಿ ವ್ಯವಹಾರ ನಿರ್ವಹಣೆ ಎಂದು ಬೇರೆ ಬೇರೆ ಹೆಸರಿನ ಕೋರ್ಸುಗಳಲ್ಲಿ ಹಂಚಿಹೋಗಿದೆ. ಹೊರದೇಶಗಳಲ್ಲೂ ಇದು ಬಹಳ ಹಳೆಯ ಶಾಸ್ತ್ರವಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ನೀತಿ ಸಂಶೋಧನಾ ಘಟಕ ಶುರುವಾದದ್ದು 1966ರಲ್ಲಿ. 'ಆರ್ ಆ್ಯಂಡ್ ಡಿ ಮ್ಯಾನೇಜ್‌ಮೆಂಟ್' ಎಂಬ ಹೆಸರಿನ ಪತ್ರಿಕೆ ಹೊರಬಂದದ್ದು 1970ರಲ್ಲಿ. ಅಮೆರಿಕದ ಎಂಐಟಿ ತಂತ್ರಜ್ಞಾನ ನಿರ್ವಹಣೆಯ ಕೋರ್ಸು ತೆರೆದದ್ದು 1981ರಲ್ಲಿ.

ಪದವಿ ಇಲ್ಲದ ಕಾಲದಲ್ಲೂ ಕೆಲಸ ನಡೆದಿದೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಸಿದ್ಧವಾದ 'ಆರ್ಯಭಟ' ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ರಾವ್ ಭೌತವಿಜ್ಞಾನಿ, ಎಂಬಿಎ ಓದಿದವರಲ್ಲ. ಮೊದಲ ಉಪಗ್ರಹ ಕಟ್ಟುವ ಹೊಸಬರ ತಂಡವನ್ನು ನಡೆಸಲು ಅವರಿಗೆ ನೆರವಾದದ್ದು ತಮ್ಮ ವಿಷಯದ ಮೇಲಿದ್ದ ಹಿಡಿತ. ಕಾಲೇಜು ಆರಿಸುವವರು ಇದನ್ನು ಗಮನಿಸಬೇಕು. ಸಂಶೋಧನೆಯನ್ನು ನಡೆಸಲು ಬೇಕಾದ ಮೊದಲ ಅರ್ಹತೆ ಯಾವುದಾದರೂ ಒಂದು ವಿಷಯದ ಸಂಶೋಧನೆ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಹಾಗಾಗಿ ಮೊದಲು ವಿಷಯ ಗೊತ್ತುಮಾಡಿಕೊಂಡು ಆಮೇಲೆ ನಿರ್ವಹಣೆಯ ಕೋರ್ಸಿಗೆ ಹೋಗುವುದೇ ಸರಿಯಾದ ಕ್ರಮ. ಪಿಯುಸಿ ಮುಗಿದ ಕೂಡಲೇ 'ಇನ್ನೋವೇಶನ್ ಮ್ಯಾನೇಜ್‌ಮೆಂಟ್' ಬಿಬಿಎಗೆ ದುಬಾರಿ ಶುಲ್ಕ ಕಟ್ಟಿ ಸೇರುವುದಕ್ಕಿಂತ ಒಳ್ಳೆಯ ಬಿಎಸ್ಸಿ ಅಥವಾ ಬಿಇ ಓದುವುದು ಎಷ್ಟೋ ಮೇಲು.

ಜಮಖಂಡಿ ಸೀಮೆಯ ಹುನ್ನೂರಿನಂಥ ಊರಿನ ವಿದ್ಯಾರ್ಥಿಗೆ ಈ ಕ್ರಮದಲ್ಲಿ ಒಂದು ಅನುಕೂಲವಿದೆ. ಸಂಶೋಧನೆ ಬೇಡುವ ವಿಷಯಗಳು ಸುತ್ತಲೇ ಇವೆ, ಅವುಗಳ ಸಂಸ್ಥೆಗಳಲ್ಲಿ ಹೆಚ್ಚಿನವು ಒಂದು ದಿನದ ಹಾದಿಯೊಳಗಿವೆ.

ಕಬ್ಬನ್ನೇ ತೆಗೆದುಕೊಳ್ಳಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25 ಸಕ್ಕರೆ ಇಳುವರಿಗೆ, ಅಂದರೆ ರಿಕವರಿಗೆ. ಇಳುವರಿ ಶೇ 0.1ರಷ್ಟು ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು, ಅಂದರೆ ನೂರು ಟನ್ ಕಬ್ಬು ಕಳಿಸಿದವರಿಗೆ 3,460 ರೂಪಾಯಿ. ಈ ರಿಕವರಿ ಲೆಕ್ಕ, ತೂಕ, ಟನ್‌ಗೆ 3,500 ರೂಪಾಯಿ ದರದ ಬೇಡಿಕೆ ಇಟ್ಟುಕೊಂಡು 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ರಸ್ತೆಗಿಳಿದದ್ದು ಎಲ್ಲರ ನೆನಪಿನಲ್ಲಿದೆ. ದರದ ಜಗಳ ರಾಜಕೀಯದ್ದು ಹೌದು, ಆದರೆ ಇಳುವರಿಯ ಅಂಕಿಯ ಹಿಂದೆ ತಳಿಯಿದೆ, ಕಟಾವಿನ ಸಮಯವಿದೆ, ಮಣ್ಣಿನ ಸವಳಿದೆ, ಕಡಿದ ಕಬ್ಬು ಕಾರ್ಖಾನೆಯ ಗೇಟಿನಲ್ಲಿ ಎಷ್ಟು ಹೊತ್ತು ಒಣಗಿತು ಎಂಬುದಿದೆ. ಇವೆಲ್ಲವೂ ಸಂಶೋಧನೆಗೆ ಒಳಪಡುವ ಸಂಗತಿಗಳು. ಯಾವುದಕ್ಕೆ ಮೊದಲು ಹಣ ಹಾಕಬೇಕು ಎಂದು ತೀರ್ಮಾನಿಸುವುದು ನಿರ್ವಹಣೆಯ ಕೆಲಸ.

ತಳಿ ಅಭಿವೃದ್ಧಿಯ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಬ್ಬು ಎಲ್ಲ ಕಡೆಯೂ ಚೆನ್ನಾಗಿ ಹೂ ಬಿಡುವುದಿಲ್ಲ. ಕೊಯಮತ್ತೂರಿನ ಹವೆಯಲ್ಲಿ ಬಿಡುತ್ತದೆ. ಹಾಗಾಗಿ ದೇಶದ ಸಂಶೋಧನಾ ಕೇಂದ್ರಗಳ ತಳಿವಿಜ್ಞಾನಿಗಳು ಅಲ್ಲಿಯ ರಾಷ್ಟ್ರೀಯ ಸಂಕರಣ ತೋಟದಲ್ಲಿ ತಮಗೆ ಬೇಕಾದ ಜೋಡಿಗಳನ್ನು ಕೂಡಿಸಿ, ಸಿಕ್ಕ ಬೀಜವನ್ನು ತಮ್ಮ ಊರಿಗೆ ತಂದು ಸಸಿ ಮಾಡುತ್ತಾರೆ. ನೂಲಿನಂಥ ಎಳೆಗಳಲ್ಲಿ ಸಿಕ್ಕಿಕೊಂಡಿರುವ ಆ ಸಣ್ಣ ಬೀಜಕ್ಕೆ 'ಫ್ಲಫ್' ಎನ್ನುತ್ತಾರೆ. ಸಾವಿರಾರು ಸಸಿಗಳಲ್ಲಿ ಕೊನೆಗೆ ಉಳಿಯುವುದು ಒಂದೋ ಎರಡೋ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಕೇಂದ್ರ ಈ ಕೆಲಸ ಮಾಡುತ್ತ ಬಂದಿದ್ದು, ಅಲ್ಲಿಯ ತಳಿಗಳಿಗೆ ಎಸ್‌ಎನ್‌ಕೆ ಎಂಬ ಹೆಸರು ಬರುತ್ತದೆ. ಕೊಯಮತ್ತೂರಿನಿಂದ ಸಂಕೇಶ್ವರಕ್ಕೆ, ಅಲ್ಲಿಂದ ಕಾರ್ಖಾನೆಯ ಬೀಜದ ತಾಕಿಗೆ, ಅಲ್ಲಿಂದ ಹುನ್ನೂರಿನ ಹೊಲಕ್ಕೆ ತಳಿ ತಲುಪಬೇಕಾದರೆ ನಡುವೆ ಹತ್ತಾರು ಕೈಗಳಿವೆ. ಒಂದು ಕೈ ಸಡಿಲವಾದರೂ ವರ್ಷಗಳು ಹೋಗುತ್ತವೆ.

ಕಬ್ಬಿನ ಈ ದಾರಿ ಹಿಡಿಯುವವರಿಗೆ 1986ರಲ್ಲಿ ಆರಂಭವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಮೊದಲ ಆಯ್ಕೆಯಾಗಬೇಕು. ಅದರ ಒಂದು ಕಾಲೇಜು ವಿಜಯಪುರದಲ್ಲೂ ಇದೆ. ವಿಶ್ವವಿದ್ಯಾಲಯ ಆಗುವ ಮೊದಲೇ ಧಾರವಾಡದ ನೆಲದಲ್ಲಿ ತಳಿವಿಜ್ಞಾನಿ ಬಿ.ಎಚ್. ಕಟರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಹತ್ತಿ ಹೈಬ್ರಿಡ್ ಕೊಟ್ಟಿದ್ದರು. ಡಿಸಿಎಚ್-32 ಎಂಬ 'ಜಯಲಕ್ಷ್ಮಿ' ಆಮೇಲೆ ಬಂತು. ಅಲ್ಲಿ ಬಿಎಸ್ಸಿ ಕೃಷಿ ಓದಿ, ಮುಂದೆ ಅಲ್ಲಿಯೇ ಕೃಷಿ ವ್ಯವಹಾರ ನಿರ್ವಹಣೆಯ ಎಂಬಿಎ ಮಾಡಬಹುದು. ಪ್ರತಿ ವರ್ಷದ ಕೃಷಿ ಮೇಳದಲ್ಲಿ ವಿಜ್ಞಾನಿಗಳು ತಮ್ಮ ಪ್ರಯೋಗದ ತಾಕಿನ ಪಕ್ಕದಲ್ಲೇ ನಿಂತು ರೈತರ ಜೊತೆ ಮಾತಾಡುತ್ತಾರೆ. ಕಾಲೇಜು ನೋಡಲು ಹೋಗುವ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಸಕ್ಕರೆಯ ತಾಂತ್ರಿಕ ಭಾಗ ಬೇಕೆನ್ನುವವರಿಗೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಪುಣೆ ಹತ್ತಿರ ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆ, 1936ರಷ್ಟು ಹಳೆಯದಾದ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಇವೆ. ಮಹಾಲಿಂಗಪುರ ಹತ್ತಿರದ ಸಮೀರವಾಡಿಯಲ್ಲಿ ಗೋದಾವರಿ ಬಯೋರಿಫೈನರೀಸ್ ಕಂಪನಿಯ ದೊಡ್ಡ ಘಟಕವಿದೆ, ಅದರ ಮಗ್ಗುಲಲ್ಲೇ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆಯಿದೆ. ಸಕ್ಕರೆ, ಎಥೆನಾಲ್, ವಿದ್ಯುತ್, ಕಬ್ಬಿನಿಂದ ತೆಗೆಯುವ ರಾಸಾಯನಿಕಗಳು ಹೀಗೆ ಒಂದೇ ಬೆಳೆಯನ್ನು ಹಲವು ಸರಕಾಗಿಸುವ ಕಂಪನಿಗೆ ಯಾವ ಸರಕಿನ ಪ್ರಯೋಗ ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದು ದಿನನಿತ್ಯದ ಪ್ರಶ್ನೆ. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ರಾಷ್ಟ್ರೀಯ ಗುರಿ ಬಂದ ಮೇಲೆ ಸೀಮೆಯ ಉಳಿದ ಕಾರ್ಖಾನೆಗಳಿಗೂ ಅದೇ ಪ್ರಶ್ನೆ ಎದುರಾಗಿದೆ. ಪ್ರಾಜೆಕ್ಟ್ ವರದಿಗಾಗಿ ಇಲ್ಲಿಯ ವಿದ್ಯಾರ್ಥಿ ಬೆಂಗಳೂರಿಗೆ ಓಡಬೇಕಾಗಿಲ್ಲ.

ಮುಧೋಳದಲ್ಲಿ ಇನ್ನೊಂದು ಬಗೆಯ ಸಂಶೋಧನೆ ನಡೆದಿದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಘೋರ್ಪಡೆ ಅರಸರ ಕಾಲದಿಂದ ಹೆಸರಾದ ಮುಧೋಳ ನಾಯಿಯ ತಳಿಶುದ್ಧಿ ಕಾಯುವುದು, ಮರಿಗಳ ವಂಶಾವಳಿ ದಾಖಲಿಸುವುದು, ಸಾಕುವ ಕುಟುಂಬಗಳಿಗೆ ನೆರವಾಗುವುದು ಅದರ ಕೆಲಸ. ಇಲ್ಲಿಯ ಮರಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಬೇಟೆಗೆ ಹೆಸರಾದ ತಳಿಯನ್ನು ಸೇನೆಯ ಪರೀಕ್ಷೆಗೆ ಒಡ್ಡುವುದೆಂದರೆ ಪಶುವೈದ್ಯ, ತರಬೇತುದಾರ, ಸೇನಾಧಿಕಾರಿ, ನಾಯಿ ಸಾಕುವ ರೈತ ನಾಲ್ವರನ್ನೂ ಒಂದು ಯೋಜನೆಯೊಳಗೆ ತರಬೇಕು. ಬಿವಿಎಸ್ಸಿ ಓದಿದವರು ಆಸ್ಪತ್ರೆಯ ಆಚೆಗೂ ನೋಡಲು ಕಾರಣವಿದೆ.

ತೋಟಗಾರಿಕೆ ಬೇಕಾದವರಿಗೆ ಬಾಗಲಕೋಟೆ ನವನಗರದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಿಂದ ಮನೆ ಬಾಗಿಲಲ್ಲೇ ಇದೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಮಕ್ಕಳಿಗೆ ಜವಳಿ ಎಂಜಿನಿಯರಿಂಗ್ ಸಹಜವಾದ ಆಯ್ಕೆ. ಬೆಂಗಳೂರಿನಲ್ಲಿ 1938ರ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆಯಿದೆ, ಗಡಿಯಾಚೆಯ ಇಚಲಕರಂಜಿಯಲ್ಲಿ 1982ರ ಡಿಕೆಟಿಇ ಇದೆ. ಇಚಲಕರಂಜಿ ತಾನೇ ಪವರ್‌ಲೂಮ್ ಊರಾದ್ದರಿಂದ ಅಲ್ಲಿಯ ಕಾಲೇಜಿಗೂ ಮಗ್ಗದ ಶೆಡ್ಡಿಗೂ ದೂರವಿಲ್ಲ. ಎಂಜಿನಿಯರಿಂಗ್‌ನ ಉಳಿದ ಶಾಖೆಗಳಿಗೆ 1963ರ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ಮುಧೋಳದ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ಸಂಸ್ಥೆ, ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಹುಬ್ಬಳ್ಳಿಯದರಲ್ಲಿ ನಾವೀನ್ಯ ಮತ್ತು ಉದ್ಯಮಶೀಲತೆಯ ಪ್ರತ್ಯೇಕ ಕೇಂದ್ರವಿದ್ದು, ಅಲ್ಲಿ ಓದುವಾಗಲೇ ಸ್ಟಾರ್ಟಪ್ ಕೆಲಸದ ಪರಿಚಯವಾಗುತ್ತದೆ.

ಜಮಖಂಡಿಯದೇ ವಿಶ್ವವಿದ್ಯಾಲಯದ ಮಾತು ಬೇರೆಯಾಗಿಯೇ ಹೇಳಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಬಾಗಲಕೋಟೆ ವಿಶ್ವವಿದ್ಯಾಲಯ ಇಲ್ಲಿ ನೆಲೆಗೊಂಡಾಗ ಸೀಮೆಯ ಜನ ಸಂಭ್ರಮಪಟ್ಟಿದ್ದರು. 2025ರ ಫೆಬ್ರುವರಿಯಲ್ಲಿ ರಾಜ್ಯದ ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಸಚಿವ ಸಂಪುಟದ ಉಪಸಮಿತಿಯಿಂದ ಬಂತು, ಪಟ್ಟಿಯಲ್ಲಿ ಇದೂ ಇತ್ತು. ಊರಿನಿಂದ ಬಸ್ಸಿನಲ್ಲಿ ಹೋಗಿಬರುವ ಹೆಣ್ಣುಮಕ್ಕಳ ಪಾಲಿಗೆ ಇಂಥ ವಿಶ್ವವಿದ್ಯಾಲಯದ ಬೆಲೆ ದೊಡ್ಡದು, ಅದು ಉಳಿಯಬೇಕು, ಬೆಳೆಯಬೇಕು. ಆದರೆ ಸಂಶೋಧನಾ ನಿರ್ವಹಣೆ ಓದಲು ಹೊರಟವರು ಅಲ್ಲಿ ತಮಗೆ ಬೇಕಾದ ವಿಭಾಗಕ್ಕೆ ಕಾಯಂ ಬೋಧಕರು ಎಷ್ಟು, ಪಿಎಚ್‌ಡಿ ಮಾರ್ಗದರ್ಶಕರು ಎಷ್ಟು ಎಂದು ಕೇಳಿಯೇ ಅರ್ಜಿ ಹಾಕಬೇಕು. ಈ ಮಾತು ಯಾವ ಕಾಲೇಜಿಗಾದರೂ ಸಲ್ಲುತ್ತದೆ.

ಮೊದಲ ಪದವಿ ಮುಗಿದ ಮೇಲೆ ಬರುವುದು ನಿರ್ವಹಣೆಯ ಓದು. ಕೃಷಿ ಹಿನ್ನೆಲೆಯವರಿಗೆ ಇಡೀ ದೇಶದಲ್ಲಿ ಅತ್ಯಂತ ಹತ್ತಿರದ ಹೊಂದಿಕೆ ಹೈದರಾಬಾದಿನ ರಾಜೇಂದ್ರನಗರದಲ್ಲಿದೆ. ಅದು 1976ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ಸಂಶೋಧನಾ ನಿರ್ವಹಣಾ ಅಕಾಡೆಮಿ, ಎಲ್ಲರ ಬಾಯಲ್ಲಿ 'ನಾರ್ಮ್'. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಹೊಸದಾಗಿ ಆಯ್ಕೆಯಾದ ವಿಜ್ಞಾನಿಗಳು ತರಬೇತಿಗೆ ಬರುವುದು ಇಲ್ಲಿಗೇ. ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ಪದವಿ ಇದ್ದವರಿಗೆ ಎರಡು ವರ್ಷದ ಪಿಜಿಡಿಎಂ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದ ಜೊತೆಗೂಡಿ ಕೃಷಿ ತಂತ್ರಜ್ಞಾನ ನಿರ್ವಹಣೆಯ ದೂರಶಿಕ್ಷಣ ಡಿಪ್ಲೊಮಾ ಕೂಡ ನಡೆಸಿದೆ. ಸಕ್ಕರೆ ಕಾರ್ಖಾನೆಯ ಕಬ್ಬು (ಕೇನ್) ವಿಭಾಗದಲ್ಲಿ ಈಗಾಗಲೇ ಕೆಲಸಕ್ಕಿರುವ ಕೃಷಿ ಪದವೀಧರರು ಈ ಎರಡನೆಯದರ ವಿಚಾರ ಮಾಡಬಹುದು.

ಎಂಜಿನಿಯರ್‌ಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ವಹಣಾ ಅಧ್ಯಯನ ವಿಭಾಗವಿದೆ. ಅಲ್ಲಿಯ ಎರಡು ವರ್ಷದ ಎಂ.ಮ್ಯಾನೇಜ್‌ಮೆಂಟ್ ಕೋರ್ಸಿಗೆ ಬಿಇ ಜೊತೆಗೆ ಗೇಟ್ ಅಥವಾ ಕ್ಯಾಟ್‌ನಂಥ ಪರೀಕ್ಷೆಯ ಅಂಕ ಬೇಕು. ದೆಹಲಿ, ಮುಂಬೈ, ಮದ್ರಾಸ್, ಕಾನ್ಪುರ ಐಐಟಿಗಳ ಎಂಬಿಎಗಳಲ್ಲೂ ತಂತ್ರಜ್ಞಾನ ನಿರ್ವಹಣೆಯ ಪಾಠಗಳಿವೆ. ನೀತಿಯ ಕಡೆ ಒಲವಿದ್ದು ಪಿಎಚ್‌ಡಿ ತನಕ ಹೋಗುವ ಮನಸ್ಸಿದ್ದರೆ ಜೆಎನ್‌ಯುನ ವಿಜ್ಞಾನ ನೀತಿ ಅಧ್ಯಯನ ಕೇಂದ್ರ, ಗುಜರಾತ್ ಕೇಂದ್ರೀಯ ವಿಶ್ವವಿದ್ಯಾಲಯ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ನೋಡಬೇಕು. ಹೊರದೇಶದ ಕನಸಿರುವವರಿಗೆ ಸಸೆಕ್ಸ್ ಅಲ್ಲದೆ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ತಂತ್ರಜ್ಞಾನ ನಿರ್ವಹಣೆಯ ಎಂಎಸ್ಸಿ ಇದೆ. ಖರ್ಚು ಮಾತ್ರ ಬೇರೆಯೇ ಲೆಕ್ಕ.

ಹೆಸರುಗಳ ಪಟ್ಟಿ ಸಿಕ್ಕಿತು ಎಂದುಕೊಳ್ಳೋಣ. ಅವುಗಳಲ್ಲಿ ಗಟ್ಟಿ ಯಾವುದು, ಪೊಳ್ಳು ಯಾವುದು ಎಂದು ತಿಳಿಯುವುದು ಹೇಗೆ? ಪಾಲಕರು ಹೆಚ್ಚಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಪ್ಲೇಸ್‌ಮೆಂಟ್ ಎಷ್ಟು, ಹಾಸ್ಟೆಲ್ ಹೇಗಿದೆ. ಎರಡೂ ಕೇಳಬೇಕಾದವೇ. ಸಂಶೋಧನೆಯ ಓದಿಗೆ ಮಾತ್ರ ಇನ್ನೊಂದು ತಪಾಸಣೆ ಬೇಕು, ಅದನ್ನು ಮೊಬೈಲ್ ಇರುವ ಯಾರಾದರೂ ಮನೆಯಲ್ಲೇ ಕೂತು ಮಾಡಬಹುದು.

ಈಗ ಬಹಳಷ್ಟು ಕಾಲೇಜುಗಳ ಜಾಹೀರಾತಿನಲ್ಲಿ 'ನಮ್ಮಲ್ಲಿ ಇಷ್ಟು ಪೇಟೆಂಟ್' ಎಂದು ಇರುತ್ತದೆ. ಪೇಟೆಂಟ್‌ನಲ್ಲಿ ಅರ್ಜಿ, ಪ್ರಕಟಣೆ, ಮಂಜೂರಾತಿ ಎಂಬ ಮೂರು ಹಂತಗಳಿವೆ. ಯಾವ ಅರ್ಜಿಯಾದರೂ ಸಾಮಾನ್ಯವಾಗಿ 18 ತಿಂಗಳಾದ ಮೇಲೆ ತಾನಾಗಿ ಪ್ರಕಟವಾಗುತ್ತದೆ. ನಮೂನೆ 9 ತುಂಬಿ ಶುಲ್ಕ ಕಟ್ಟಿದರೆ ಇನ್ನೂ ಬೇಗ. ಪ್ರಕಟವಾಯಿತು ಎಂದರೆ ಅದರಲ್ಲಿ ಹೊಸತೇನಿದೆ ಎಂದು ಪರೀಕ್ಷಕರು ನೋಡಿ ಒಪ್ಪಿದರು ಎಂದರ್ಥವಲ್ಲ. ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಮಾತ್ರ ಮಂಜೂರಾತಿ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಸಿಗುತ್ತಿರುವುದರಿಂದ ಅರ್ಜಿ ಹಾಕುವುದು ಸುಲಭವಾಗಿದೆ, ಸಂಖ್ಯೆ ಬೆಳೆಸುವುದೂ ಸುಲಭವಾಗಿದೆ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ 'ಇನ್‌ಪಾಸ್' ಎಂಬ ಹುಡುಕುವ ಸೌಲಭ್ಯ ಉಚಿತವಾಗಿದೆ. ಅರ್ಜಿದಾರರ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿ ನೋಡಿದರೆ ಮಂಜೂರಾದದ್ದು ಎಷ್ಟು ಎಂದು ಗೊತ್ತಾಗುತ್ತದೆ. ಅದರಲ್ಲಿ ಒಂದನ್ನಾದರೂ ಯಾವುದಾದರೂ ಕಂಪನಿ ಪಡೆದು ಬಳಸುತ್ತಿದೆಯೇ ಎಂದು ಕಾಲೇಜಿನವರನ್ನೇ ಕೇಳಬೇಕು. ಒಂದೇ ಒಂದು ತಂತ್ರಜ್ಞಾನವನ್ನು ಹೊರಗಿನವರಿಗೆ ವರ್ಗಾಯಿಸಿದ ವಿಭಾಗದಲ್ಲಿ ಕರಾರು, ದರ, ಹಕ್ಕು, ವ್ಯಾಜ್ಯಗಳ ಅನುಭವ ಇರುತ್ತದೆ. ಈ ವಿದ್ಯೆಯ ತಿರುಳು ಅದೇ.

ಪಿಎಚ್‌ಡಿ ಪ್ರಬಂಧಗಳನ್ನು 'ಶೋಧಗಂಗಾ' ಜಾಲತಾಣದಲ್ಲಿ ನೋಡಬಹುದು. ಮಾರ್ಗದರ್ಶಕರ ಹೆಸರಿನಲ್ಲಿ ಹುಡುಕಿದರೆ ಅವರ ವಿದ್ಯಾರ್ಥಿಗಳು ಯಾವ ವಿಷಯದ ಮೇಲೆ ಕೆಲಸ ಮಾಡಿದ್ದಾರೆ ಎಂಬುದು ತಿಳಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ಒಟ್ಟು ರ‍್ಯಾಂಕ್‌ಗಿಂತ ಅದರಲ್ಲಿಯ ಸಂಶೋಧನೆಯ ಅಂಕವನ್ನು ಬಿಡಿಸಿ ನೋಡುವುದು ಜಾಣತನ. ಹಿಂಪಡೆದ ಪ್ರಬಂಧಗಳಿಗೆ 2025ರ ರ‍್ಯಾಂಕಿಂಗ್‌ನಿಂದ ಅಂಕ ಕಡಿತವೂ ಶುರುವಾಗಿದೆ. ಎಂಬಿಎ, ಪಿಜಿಡಿಎಂಗೆ ಎಐಸಿಟಿಇ ಮಾನ್ಯತೆ ಇದೆಯೇ, ದೂರಶಿಕ್ಷಣವಾದರೆ ಯುಜಿಸಿ ಒಪ್ಪಿಗೆ ಆ ವರ್ಷಕ್ಕೆ ಇದೆಯೇ ಎಂದು ನೋಡದೆ ಹಣ ಕಟ್ಟಲೇಬಾರದು.

ಸೀಟಿನ ಲೆಕ್ಕದಲ್ಲೂ ಒಂದು ತಪ್ಪು ತಿಳಿವಳಿಕೆ ಕಾಣುತ್ತದೆ. ಸಂವಿಧಾನದ 371 ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ, ಬಾಗಲಕೋಟೆ ಅದರಲ್ಲಿಲ್ಲ. ಹುನ್ನೂರಿನ ವಿದ್ಯಾರ್ಥಿಗೆ ಕೆಸಿಇಟಿಯಲ್ಲಿ ನೆರವಾಗುವುದು ಗ್ರಾಮೀಣ ಕೋಟಾದ ಶೇ 15, ಕನ್ನಡ ಮಾಧ್ಯಮದ ಶೇ 5. ಕೃಷಿ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಬೇರೆ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿದ್ದು ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ. ಹೊಲದಲ್ಲಿ ಕೆಲಸ ಮಾಡಿದ ಮಕ್ಕಳಿಗೆ ಇದು ಕಷ್ಟವಲ್ಲ. ಪ್ರಮಾಣಪತ್ರಗಳನ್ನು ಸಕಾಲಕ್ಕೆ ಮಾಡಿಸಿಡದೆ ಸೀಟು ಕಳೆದುಕೊಳ್ಳುವುದೇ ಹೆಚ್ಚು ನೋವಿನ ಸಂಗತಿ.

ಮುಂದೆ ಕೆಲಸ ಎಲ್ಲಿ? 2020-21ರಲ್ಲಿ ಭಾರತ ಸಂಶೋಧನೆಗೆ ಮಾಡಿದ ಖರ್ಚು ಸುಮಾರು 1.27 ಲಕ್ಷ ಕೋಟಿ ರೂಪಾಯಿ, ಜಿಡಿಪಿಯ ಶೇ 0.64. ಖಾಸಗಿ ಉದ್ಯಮದ ಪಾಲು ಅದರಲ್ಲಿ ಶೇ 36ರಷ್ಟು. ಹಾಗಾಗಿ ಸರ್ಕಾರಿ ಪ್ರಯೋಗಾಲಯಗಳೇ ಇನ್ನೂ ದೊಡ್ಡ ಕಣ. ಅಲ್ಲಿ ನೇರವಾಗಿ ಮ್ಯಾನೇಜರ್ ಹುದ್ದೆ ಇರುವುದು ಕಡಿಮೆ. ವಿಜ್ಞಾನಿಯಾಗಿ ಸೇರಿ, ಯೋಜನೆ ನಡೆಸಿ, ವಿಭಾಗ ವಹಿಸಿಕೊಳ್ಳಬೇಕು. ಡಿಆರ್‌ಡಿಒ ತನ್ನ ವಿಜ್ಞಾನಿಗಳಿಗೆ ತಂತ್ರಜ್ಞಾನ ನಿರ್ವಹಣೆ ಕಲಿಸಲು ಮಸ್ಸೂರಿಯಲ್ಲಿ ಸಂಸ್ಥೆಯನ್ನೇ ಇಟ್ಟಿದೆ. ಖಾಸಗಿ ರಂಗದ ಬಾಗಿಲೂ ಅಗಲವಾಗುತ್ತಿದೆ. ಕರ್ನಾಟಕ 2021ರಲ್ಲಿ ಎಂಜಿನಿಯರಿಂಗ್ ಸಂಶೋಧನೆಗೆಂದೇ ನೀತಿ ತಂದಿತು, 2024ರಲ್ಲಿ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ ಬಂತು. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದು ಖಾಸಗಿ ಕಂಪನಿಗಳ ಸಂಶೋಧನೆಗೆ ಹೋಗುವ ಹಣ, ಅದನ್ನು ಲೆಕ್ಕಪತ್ರದೊಂದಿಗೆ ನಡೆಸಿಕೊಂಡು ಹೋಗಲು ಜನ ಬೇಕಾಗುತ್ತಾರೆ.

ಇನ್ನು ಹಣದ ಮಾತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಡಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರುವವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು. ಪಟ್ಟಿಗೆ ಎನ್‌ಐಆರ್‌ಎಫ್ ಸ್ಥಾನವೇ ಮುಖ್ಯ ಆಧಾರ, ಆದ್ದರಿಂದ ಆರಿಸಿಕೊಂಡ ಕಾಲೇಜು ಅದರಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಸಾಲದ ಜೊತೆಗೆ ಮನೆಯ ಕಬ್ಬಿನ ಬಿಲ್ಲನ್ನೂ ಲೆಕ್ಕ ಹಾಕಬೇಕು. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಬಾಕಿ ಉಳಿಯುವ ವರ್ಷಗಳೂ ಇವೆ. ಕಟಾವು ನಡೆಯುವುದು ಚಳಿಗಾಲದಲ್ಲಿ, ಕಾಲೇಜಿನ ಶುಲ್ಕ ಬರುವುದು ಬೇಸಿಗೆ ಕಳೆದ ಮೇಲೆ. ಕ್ಯಾಟ್ ನವೆಂಬರ್‌ ಕೊನೆಗೆ, ಗೇಟ್ ಫೆಬ್ರುವರಿಯಲ್ಲಿ, ಅಂದರೆ ಎರಡೂ ಕಟಾವಿನ ಹಂಗಾಮಿನಲ್ಲೇ ಬರುತ್ತವೆ. ಮನೆಯಲ್ಲಿ ಕೂತು ಆ ವರ್ಷದ ಬಿಲ್ಲಿನಲ್ಲಿ ಪರೀಕ್ಷೆ, ಅರ್ಜಿ, ಮೊದಲ ಕಂತಿನ ಶುಲ್ಕಕ್ಕೆ ಎಷ್ಟು ತೆಗೆದಿಡಬೇಕೆಂದು ಮಾತಾಡಿಕೊಳ್ಳಲು ದಸರೆಯ ಹೊತ್ತೇ ಸರಿಯಾದ ಸಮಯ.